ಅಪ್ಪನ ಸಹಿಗೊಂದು ಹಳೇ ಪೆನ್ನು

ಆ ವರ್ಷ ನವೆಂಬರಿನ ನಡುವೆ ಒಂದು ದಿನ ಅಪ್ಪ ಬ್ಯಾಂಕಿನಿಂದ ಬಂದವರೇ ಶೂ ಬಿಚ್ಚದೆ ಸೋಫಾದ ಮೇಲೆ ಕೂತುಬಿಟ್ಟರು. ಕೇಂದ್ರ ಸರ್ಕಾರದ ಕಚೇರಿಗೆ ಗುಮಾಸ್ತರಾಗಿ ಸೇರಿ, ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದ ಮನುಷ್ಯ ಅವರು. ಎರಡು ಶೂಗಳೂ ಒಂದೇ ಗೆರೆಗೆ ಬರುವಂತೆ ಬಾಗಿಲ ಪಕ್ಕ ಜೋಡಿಸಿಟ್ಟ ಮೇಲೇ ಒಳಗೆ ಕಾಲಿಡುವವರು. ಅಮ್ಮ ಅಡುಗೆಮನೆಯಿಂದ ಇಣುಕಿ, "ಏನ್ರೀ, ಪೆನ್ಷನ್ ನಿಲ್ಲಿಸಿಬಿಟ್ರಾ?" ಅಂತ ತಮಾಷೆಗೆ ಕೇಳಿದಳು.

ಅಪ್ಪ ನಗಲಿಲ್ಲ. "ಹೆಬ್ಬೆಟ್ಟು ಒತ್ತಿ ಅಂದ್ರು" ಎಂದರು.

ಪೆನ್ಷನ್ ತೆಗೆದುಕೊಳ್ಳುವವರು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ತಾವಿನ್ನೂ ಬದುಕಿದ್ದೇವೆ ಎಂದು ಒಂದು ಫಾರಂಗೆ ಸಹಿ ಹಾಕಿ ಕೊಡಬೇಕು. ಸಹಿಯನ್ನು ಬ್ಯಾಂಕಿನವರ ಕಣ್ಣೆದುರೇ ಹಾಕಬೇಕು, ಮತ್ತು ಅದು ಖಾತೆ ತೆರೆದಾಗ ಕೊಟ್ಟ ಮಾದರಿಗೆ ಹೊಂದಬೇಕು. ಅಪ್ಪನ ಬಲಗೈ ಒಂದು ವರ್ಷದಿಂದ ನಡುಗುತ್ತಿತ್ತು. ಡಾಕ್ಟರು ಇದು ವಯಸ್ಸಿನ ನಡುಕ, ಭಯ ಬೀಳುವಂಥದ್ದಲ್ಲ ಎಂದಿದ್ದರು. ಭಯ ಬೀಳದಿದ್ದರೂ ಕೈಯಂತೂ ನಡುಗುತ್ತದಲ್ಲ. ಮೂರು ಸಲ ಸಹಿ ಹಾಕಿದರಂತೆ, ಮೂರೂ ಮೂರು ತರಹ ಬಂದವಂತೆ. ಕೌಂಟರಿನ ಹೆಂಗಸು ಪಾಪ, ಒಳ್ಳೆಯ ಮನಸ್ಸಿನಿಂದಲೇ, "ಕೋಯೀ ಬಾತ್ ನಹೀಂ ಅಂಕಲ್ ಜೀ, ಅಂಗೂಠಾ ಲಗಾ ದೀಜಿಯೇ" ಎಂದು ನೇರಳೆ ಬಣ್ಣದ ಇಂಕ್ ಪ್ಯಾಡನ್ನು ಮುಂದೆ ತಳ್ಳಿದ್ದಾರೆ. ಅಪ್ಪ ಫಾರಂ ಮಡಚಿ ಜೇಬಿಗಿಟ್ಟುಕೊಂಡು ದೆಹಲಿಯ ಮುನಿರ್ಕಾದ ನಮ್ಮ ಫ್ಲ್ಯಾಟಿನವರೆಗೆ ನಡೆದೇ ಬಂದಿದ್ದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಬುದ್ಧಿ ಆಮೇಲೆ ನಿಧಾನವಾಗಿ ಬರುತ್ತದೆ. ಸಂಜೆ ಗುಡಗಾಂವಿನ ಆಫೀಸಿನಿಂದ ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಬೆಂದು ಬಂದಿದ್ದ ನಾನು, "ಅಷ್ಟೇನಾ ಅಪ್ಪ? ಒತ್ತಿ ಬರೋದಲ್ವಾ? ಬೆರಳಿಗೆ ಸ್ವಲ್ಪ ಮಸಿ ಆಗುತ್ತೆ, ಸೋಪು ಹಚ್ಚಿದರೆ ಹೋಗುತ್ತೆ" ಎಂದುಬಿಟ್ಟೆ. ಅಪ್ಪ ನನ್ನನ್ನು ಒಮ್ಮೆ ನೋಡಿ ಪೇಪರು ಎತ್ತಿಕೊಂಡರು. ಅಂದು ಅವರು ಸಾರು ಬಡಿಸಿಕೊಳ್ಳಲಿಲ್ಲ, ಬರೀ ಮೊಸರನ್ನ ಉಂಡು ಎದ್ದರು.

ಪಾತ್ರೆ ತೊಳೆಯುವಾಗ ಅಮ್ಮ ನನಗೆ ಒಂದು ವಿಷಯ ಹೇಳಿದಳು. ಅಪ್ಪ ದೆಹಲಿಗೆ ಬಂದು ಮೊದಲ ಸಂಬಳದಲ್ಲಿ ಊರಿಗೆ ಮನಿಯಾರ್ಡರ್ ಕಳಿಸಿದಾಗ, ಅಂಚೆಯವನು ಅಜ್ಜಿಯ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಆ ರಸೀತಿ ಅಂಚೆಯಲ್ಲಿ ಅಪ್ಪನಿಗೆ ವಾಪಸು ಬಂತು. ಅದರ ಮೇಲಿದ್ದ ಆ ಮಸಿಯ ಗುರುತು ನೋಡಿ ಅವರಿಗೆ ಏನಾಯಿತೋ, ರಜೆಗೆ ಊರಿಗೆ ಹೋದವರು ಹದಿನೈದು ದಿನ ಅಜ್ಜಿಯನ್ನು ಕೂರಿಸಿಕೊಂಡು ಇದ್ದಿಲಿನಲ್ಲಿ ನೆಲದ ಮೇಲೆ ಹೆಸರು ಬರೆಸಿದರಂತೆ. ಆಮೇಲಿನ ರಸೀತಿಯಲ್ಲಿ ಮೂರು ಸೊಟ್ಟ ಅಕ್ಷರ ಬಂದವು. "ಅವತ್ತು ಇಡೀ ಸೆಕ್ಷನ್ನಿಗೆ ಟೀ ಕುಡಿಸಿದ್ರಂತೆ" ಎಂದಳು ಅಮ್ಮ. "ಅಂಥವರಿಗೆ ಹೋಗಿ ಸೋಪು ಹಚ್ಚಿ ಅಂತೀಯಲ್ಲೇ."

ನನಗೆ ಈ ಕತೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದು ಗೊತ್ತಿರಲಿಲ್ಲ. ನಾಚಿಕೆಯಾಯಿತು, ಜೊತೆಗೆ ಇವರು ಇಂಥದ್ದನ್ನೆಲ್ಲ ಮೊದಲೇ ಯಾಕೆ ಹೇಳುವುದಿಲ್ಲ ಎಂದು ಇನ್ನಷ್ಟು ಸಿಟ್ಟೂ ಬಂತು.

ಅಪ್ಪನ ಸಹಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಅದು ಕನ್ನಡದ ಸಹಿ. ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಟಿಪ್ಪಣಿ ಬರೆದು ಕೆಳಗೆ ಕನ್ನಡದಲ್ಲಿ ಸಹಿ ಹಾಕುತ್ತಿದ್ದ ಏಕೈಕ ಮನುಷ್ಯ ಅವರ ಕಚೇರಿಯಲ್ಲಿ ಅವರೇ. ಕೊನೆಯ ಅಕ್ಷರದ ಕೊಂಬು ಮೇಲೆ ಹೋಗಿ, ಸುತ್ತಿ ಬಂದು, ಇಡೀ ಹೆಸರಿನ ಕೆಳಗೆ ಒಂದು ಉದ್ದ ಗೆರೆಯಾಗುತ್ತಿತ್ತು. ಸಹೋದ್ಯೋಗಿಗಳು ಅವರನ್ನು ಜಲೇಬಿ ಬಾಬು ಎಂದು ರೇಗಿಸುತ್ತಿದ್ದರಂತೆ. ಈಗ ಆ ಗೆರೆ ಬಾಲ್ ಪೆನ್ನಿನಲ್ಲಿ ಗರಗಸದ ಹಲ್ಲಿನಂತೆ ಬರುತ್ತಿತ್ತು.

ಉಪಾಯ ಹೊಳೆದದ್ದು ಊಟದ ಮೇಜಿನ ಮೇಲೆ. ಒಂದು ಭಾನುವಾರ ಅಪ್ಪ ಕಾಫಿಗೆ ಕಾಯುತ್ತ, ಚೆಲ್ಲಿದ್ದ ನೀರಿನಲ್ಲಿ ತೋರುಬೆರಳಿನಿಂದ ಸುಮ್ಮನೆ ಸಹಿ ಹಾಕುತ್ತಿದ್ದರು. ನಾನು ಬಟ್ಟೆಯಿಂದ ಮೇಜು ಒರೆಸಲು ಹೋದವಳು ನಿಂತುಬಿಟ್ಟೆ. ನೀರಿನ ಗೆರೆ ನಡುಗಿರಲಿಲ್ಲ. ಅಲ್ಲಿ ಒತ್ತುವ ಕೆಲಸವಿರಲಿಲ್ಲ, ಅದಕ್ಕೇ. ಬಾಲ್ ಪೆನ್ನನ್ನು ಒತ್ತಬೇಕು, ಒತ್ತಿದಷ್ಟೂ ಕೈ ನಡುಗುತ್ತಿತ್ತು.

ಕೂಡಲೇ ಮಾರ್ಕೆಟ್ಟಿಗೆ ಓಡಿ ಒಂದು ಹೊಸ ಇಂಕ್ ಪೆನ್ನು ತಂದೆ. ಅದರ ನಿಬ್ಬು ಸೂಜಿಯ ಹಾಗಿತ್ತು. ಕೈ ಅಲುಗಿದರೆ ಕಾಗದಕ್ಕೆ ಸಿಕ್ಕಿಕೊಂಡು ಪಟಕ್ಕನೆ ಇಂಕು ಹಾರಿಸುತ್ತಿತ್ತು. ಅಮ್ಮನ ಹೊಸ ಮೇಜುಹೊದಿಕೆಗೆ ಏಳು ಚುಕ್ಕಿ ಬಿದ್ದವು. ಅಪ್ಪ ಪೆನ್ನಿನ ಕ್ಯಾಪು ಹಾಕಿ ಕೆಳಗಿಟ್ಟು, "ಹೊಸ ನಿಬ್ಬು ಹೀಗೇ. ಬರೆದೂ ಬರೆದೂ ಸವೆದ ನಿಬ್ಬಾದರೆ ತಾನೇ ಜಾರುತ್ತೆ. ನನ್ನ ಹಳೇ ಪೆನ್ನು ಹಾಗಿತ್ತು, ಬಸ್ಸಿನಲ್ಲಿ ಯಾವನೋ ಹೊಡೆದುಕೊಂಡು ಹೋದ" ಎಂದರು. ಹೊಸ ಪೆನ್ನು ಮಾರಿದ ಅಂಗಡಿಯ ಭಯ್ಯಾನನ್ನು ಹೋಗಿ ಕೇಳಿದೆ. ಅವನು ತಲೆ ಕೆರೆದುಕೊಂಡು, ಹಳೆಯ ಪೆನ್ನು ಬೇಕಾದರೆ ಚಾವ್ಡಿ ಬಜಾರಿಗೆ ಹೋಗಿ, ಮದುವೆ ಕಾರ್ಡಿನ ಅಂಗಡಿಗಳ ಸಾಲಿನಲ್ಲಿ ಒಬ್ಬ ಮುದುಕ ಕೂರುತ್ತಾನೆ ಎಂದ.

ತಿಂಗಳು ಮುಗಿಯಲು ಎರಡು ದಿನ ಬಾಕಿ ಇತ್ತು. ಬುಧವಾರ ಅರ್ಧ ದಿನ ರಜೆ ಹಾಕಿ ಹೊರಟೆ. ಬಸ್ಸಿನಲ್ಲಿ ಸೆಂಟ್ರಲ್ ಸೆಕ್ರೆಟೇರಿಯಟ್, ಅಲ್ಲಿಂದ ಮೆಟ್ರೋ. ಚಾವ್ಡಿ ಬಜಾರಿನ ನಿಲ್ದಾಣ ಶುರುವಾಗಿ ಆಗ ಎರಡೇ ವರ್ಷ. ಕೆಳಗೆ ಫಳಫಳ ಹೊಳೆಯುವ ಪಾತಾಳ, ಎಸ್ಕಲೇಟರ್ ಹತ್ತಿ ಮೇಲೆ ಬಂದರೆ ರಿಕ್ಷಾ, ಕೈಗಾಡಿ, ಹಿತ್ತಾಳೆ ನಲ್ಲಿ, ಕಾಗದದ ಮೂಟೆ. ಮೂರು ಜನರನ್ನು ಕೇಳಿದೆ, ಮೂವರೂ ಮೂರು ದಿಕ್ಕು ತೋರಿಸಿದರು. ಕೊನೆಗೆ ಒಂದು ಮದುವೆ ಕಾರ್ಡಿನ ಅಂಗಡಿಯ ಮೆಟ್ಟಿಲ ಕೆಳಗೆ, ಒಬ್ಬ ಮನುಷ್ಯ ಕೂತರೆ ಇನ್ನೊಬ್ಬ ನಿಲ್ಲಲಾಗದ ಜಾಗದಲ್ಲಿ, ಆ ಮುದುಕ ಸಿಕ್ಕಿದರು. ಬಿಳಿ ಗಡ್ಡ, ಒಂದು ಕಣ್ಣಿಗೆ ಗಡಿಯಾರದವರು ಹಾಕುವಂಥ ಗಾಜು, ಮುಂದೆ ಎರಡು ಮರದ ತಟ್ಟೆ, ತಟ್ಟೆಯ ತುಂಬ ಪೆನ್ನು.

"ಕಿಸ್ಕೇ ಲಿಯೇ?" ಯಾರಿಗೆ ಎಂದು ಕೇಳಿದರು.

ಅಪ್ಪನ ಕೈಯ ಸುದ್ದಿ ಬೀದಿಯಲ್ಲಿ ಹೇಳುವುದು ಬೇಡ ಅನ್ನಿಸಿ, "ಮೇರೇ ಲಿಯೇ" ಎಂದೆ. ಅವರು ಒಂದು ಪೆನ್ನನ್ನು ಇಂಕಿನ ಬಾಟಲಿಯಲ್ಲಿ ಅದ್ದಿ ಕೊಟ್ಟು, ಒಂದು ಚೂರು ಕಾಗದ ಮುಂದಿಟ್ಟರು. ಬರೆಯುವುದನ್ನು ನೋಡದೆ ಅವರು ಮಾರುವುದಿಲ್ಲವಂತೆ. ನಾನು ಒಂದು ಸಾಲು ಬರೆಯುವಷ್ಟರಲ್ಲಿ ಮೆತ್ತಗೆ ನನ್ನ ಕೈಯಿಂದ ಪೆನ್ನು ಬಿಡಿಸಿಕೊಂಡು ನಿಬ್ಬನ್ನು ಒರೆಸಿದರು. ಬೇಟೀ, ನೀನು ಬರೆಯುವುದಿಲ್ಲ, ಹೊಲ ಉಳುತ್ತೀಯ, ನಿನಗೆ ನಾನು ಪೆನ್ನು ಕೊಡುವುದಿಲ್ಲ ಎಂದರು. ಇಷ್ಟು ಮರ್ಯಾದೆಯಾಗಿ ಅದುವರೆಗೆ ದೆಹಲಿಯಲ್ಲಿ ಯಾರೂ ನನ್ನನ್ನು ಬೈದಿರಲಿಲ್ಲ.

ಬೇರೆ ದಾರಿಯಿಲ್ಲದೆ ಅಪ್ಪನ ವಿಷಯ ಹೇಳಿದೆ. ಹೆಬ್ಬೆಟ್ಟಿನ ವಿಷಯವನ್ನೂ ಹೇಳಿದೆ. ಅವರು ಕಣ್ಣಿನ ಗಾಜು ತೆಗೆದು ನನ್ನನ್ನು ನೋಡಿದರು. "ಕೈ ಹೇಗೆ ನಡುಗುತ್ತೆ? ಅಡ್ಡಡ್ಡವಾ, ಮೇಲೆ ಕೆಳಗಾ?"

ನನಗೆ ಗೊತ್ತಿರಲಿಲ್ಲ. ಒಂದು ವರ್ಷದಿಂದ ಆ ಕೈ ನನ್ನೆದುರು ಕಾಫಿ ಲೋಟ ಎತ್ತುತ್ತಿದೆ, ಪೇಪರು ಮಗುಚುತ್ತಿದೆ, ಲೋಟ ತುಳುಕಿದಾಗ ಮೇಜು ಒರೆಸಿದ್ದೇನೆ, ಕೈಯನ್ನು ನೋಡಿಲ್ಲ. ಮುದುಕರು ತಮ್ಮ ಕೈಯನ್ನು ಎರಡು ಬಗೆಯಲ್ಲೂ ನಡುಗಿಸಿ ತೋರಿಸಿದರು. ಮೊದಲನೆಯದು, ಅಡ್ಡಡ್ಡ ನಡುಗುವುದು, ಅಪ್ಪನ ಕೈಯೇ.

ಅವರು ಹಿಂದಿನ ತಟ್ಟೆಯಿಂದ ಒಂದು ದಪ್ಪ ಪೆನ್ನು ತೆಗೆದರು. ನೇರಳೆ ಹಣ್ಣಿನ ಬಣ್ಣ, ಮಾಸಿದ ಚಿನ್ನದ ಕ್ಲಿಪ್ಪು, ಹಿಂಬದಿಯ ಗುಂಡಿ ತಿರುಗಿಸಿದರೆ ತಾನೇ ಇಂಕು ಎಳೆದುಕೊಳ್ಳುವಂಥದ್ದು. ನಿಬ್ಬಿನ ತುದಿ ಅಗಲವಾಗಿ, ಒಂದು ಮಗ್ಗುಲಿಗೆ ಸವೆದಿತ್ತು. ಯಾರೋ ಮೂವತ್ತು ವರ್ಷ ಬರೆದು ಇದನ್ನು ಪಳಗಿಸಿದ್ದಾರೆ, ಇದು ಒತ್ತು ಕೇಳುವುದಿಲ್ಲ, ನಿಬ್ಬಿನಿಂದ ದೂರ ಹಿಡಿದು ಸುಮ್ಮನೆ ಕಾಗದದ ಮೇಲೆ ಬಿಡಲು ಹೇಳು, ದಪ್ಪ ಇರುವುದರಿಂದ ಕೈಗೆ ಹಿಡಿತವೂ ಸಿಗುತ್ತದೆ ಎಂದು ವಿವರಿಸಿದರು. ಇಂಕಿನಲ್ಲಿ ಅದ್ದಿ, ತಮ್ಮ ಕೈಯನ್ನು ಬೇಕೆಂದೇ ನಡುಗಿಸುತ್ತ ಒಂದು ಗೆರೆ ಎಳೆದರು. ಗೆರೆ ಸ್ವಲ್ಪ ಅಲೆಯಾಗಿ ಬಂದರೂ ಎಲ್ಲೂ ತುಂಡಾಗಲಿಲ್ಲ.

"ಕಿತ್ನಾ?"

"ಬಾರಾ ಸೌ."

ಸಾವಿರದ ಇನ್ನೂರು. ಈಗ ನನ್ನ ಸರೋಜಿನಿ ನಗರ ಮಾರ್ಕೆಟ್ಟಿನ ವಿದ್ಯೆ ಹೊರಗೆ ಬಂತು. ಅಲ್ಲಿ ಅರ್ಧಕ್ಕಿಂತ ಕಡಿಮೆ ಹೇಳಬೇಕು, ಮುಖ ಸಿಂಡರಿಸಬೇಕು, ತಿರುಗಿ ಹತ್ತು ಹೆಜ್ಜೆ ನಡೆಯಬೇಕು, ಹನ್ನೊಂದನೆಯ ಹೆಜ್ಜೆಗೆ ಅಂಗಡಿಯವನು ಕೂಗಿ ಕರೆಯುತ್ತಾನೆ. "ಪಾಂಚ್ ಸೌ" ಎಂದೆ. ಮುದುಕರು ಪೆನ್ನನ್ನು ತಟ್ಟೆಗೆ ಹಾಕಿದರು. ಮುಖ ಸಿಂಡರಿಸಿ ಹೊರಟೆ. ಹತ್ತು ಹೆಜ್ಜೆಯಾಯಿತು, ಹದಿನೈದಾಯಿತು, ನಲ್ಲಿ ಮಾರುವವನ ಅಂಗಡಿ ದಾಟಿತು. ಯಾರೂ ಕರೆಯಲಿಲ್ಲ. ತಿರುಗಿ ನೋಡಿದರೆ ಅವರು ಕಣ್ಣಿಗೆ ಗಾಜು ಹಾಕಿಕೊಂಡು ಬೇರೆ ಯಾವುದೋ ಪೆನ್ನು ಉಜ್ಜುತ್ತಿದ್ದಾರೆ. ಒಂದು ತಳ್ಳುಗಾಡಿಯ ಮರೆಯಲ್ಲಿ ನಿಂತು ಐದು ನಿಮಿಷ ಕಾದೆ. ಆಮೇಲೆ ಬಾಲ ಮುದುರಿಕೊಂಡು ವಾಪಸು ಹೋಗಿ, ಯಾವ ಇಂಕು ಹಾಕಬೇಕೆಂದು ಕೇಳಲು ಮರೆತೆ ಎಂದೆ.

"ನೀಲಾ" ಎಂದರು ಅವರು, ತಲೆಯೆತ್ತದೆ. ಪೆನ್ನನ್ನು ಆಗಲೇ ಕಾಗದದಲ್ಲಿ ಸುತ್ತಿಟ್ಟಿದ್ದರು.

ದುಡ್ಡು ಕೊಟ್ಟು ಹೊರಡುವಾಗ ಒಂದು ಮಾತು ಹೇಳಿದರು. ಈ ಪೆನ್ನು ಯಾವುದೋ ದೊಡ್ಡ ಬಂಗಲೆ ಖಾಲಿಯಾದಾಗ ಬಂದದ್ದು, ವರ್ಷಗಟ್ಟಲೆ ಹಾಗೇ ಇತ್ತು, ಒಳಗೆ ಹಳೆಯ ಇಂಕು ಒಣಗಿ ಕೂತಿದೆ, ಮೂರು ದಿನ ನೀರಿನಲ್ಲಿ ನೆನೆಸಿ ಆಮೇಲೆ ಇಂಕು ತುಂಬು ಎಂದು. ಮೂರು ದಿನ ಎಂದರೆ ಶನಿವಾರ. ಶುಕ್ರವಾರ ತಿಂಗಳ ಕೊನೆ, ಅಂದು ಫಾರಂ ಕೊಡದಿದ್ದರೆ ಪೆನ್ಷನ್ನೇ ನಿಲ್ಲುತ್ತದೆ. ನಾನು ಹೂಂ ಹೂಂ ಎಂದು ತಲೆಯಾಡಿಸಿ, ಮನೆಗೆ ಬಂದು ನಲ್ಲಿಯ ಕೆಳಗೆ ಎರಡು ಸಲ ಹಿಡಿದು, ದುಪಟ್ಟಾದಲ್ಲಿ ಒರೆಸಿ, ನೀಲಿ ಇಂಕು ತುಂಬಿಬಿಟ್ಟೆ.

"ಸಾವಿರದ ಇನ್ನೂರಕ್ಕೆ ಹಳೇ ಪೆನ್ನಾ? ಯಾರ ಜೇಬಿನಲ್ಲಿತ್ತೋ ಏನೋ" ಎಂದು ಅಮ್ಮ ಮೂಗು ಮುರಿದಳು. ಹಾಗೆ ಹೇಳಿದವಳೇ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಲು ಹೋದಳು. ನಿಬ್ಬಿಗೆ ಕುಂಕುಮ ಸಿಕ್ಕಿಕೊಂಡೀತೆಂದು ಅಪ್ಪ ಎದ್ದು ಬಂದು ಕಸಿದುಕೊಂಡರು. ಟ್ಯೂಬ್‌ಲೈಟಿನ ಕೆಳಗೆ ನಿಂತು ಕ್ಯಾಪು ಬಿಚ್ಚಿ ನಿಬ್ಬನ್ನು ಬಹಳ ಹೊತ್ತು ನೋಡಿದರು.

"ಚಿನ್ನದ ನಿಬ್ಬು. ತೊಳೆದೆಯಾ?"

"ತೊಳೆದೆ."

ಪೇಪರಿನ ಅಂಚಿನಲ್ಲಿ ಸಹಿ ಹಾಕಿದರು. ಮುದುಕರು ಹೇಳಿದಂತೆ ದೂರ ಹಿಡಿದು, ಒತ್ತದೆ. ಮೊದಲ ಅಕ್ಷರ ಸ್ವಲ್ಪ ಅಲುಗಿತು. ಕೊಂಬು ಮೇಲೇರಿ, ಸುತ್ತಿ, ಉದ್ದಕ್ಕೆ ಹರಿದು ಬಂತು. ಶುದ್ಧ ನೀಲಿ. ಅಪ್ಪ "ಹ್ಞೂಂ" ಎಂದರು, ಅವರ ಬಾಯಿಂದ ಅದು ದೊಡ್ಡ ಸರ್ಟಿಫಿಕೇಟು. ಗುರುವಾರ ಪೆನ್ನು ಮುಟ್ಟಲಿಲ್ಲ. ಪರೀಕ್ಷೆಯ ಹಿಂದಿನ ದಿನ ಕೈ ದಣಿಸಬಾರದಂತೆ. ಪೆನ್ನು ಇಡೀ ದಿನ ಸ್ಟೀಲಿನ ಲೋಟದಲ್ಲಿ ತಲೆ ಕೆಳಗಾಗಿ ನಿಂತಿತ್ತು, ಮತ್ತು ಒಳಗೆ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಿತ್ತು.

ಶುಕ್ರವಾರ ನಾನೂ ರಜೆ ಹಾಕಿ ಜೊತೆಗೆ ಹೋದೆ. ಬ್ಯಾಂಕಿನ ತುಂಬ ಸ್ವೆಟರು, ಮಫ್ಲರು, ಮಂಕಿ ಕ್ಯಾಪು. ಕೊನೆಯ ದಿನದವರೆಗೂ ತಳ್ಳಿಕೊಂಡು ಬಂದ ನಿವೃತ್ತರೆಲ್ಲ ಅಲ್ಲಿದ್ದರು. ಕೌಂಟರಿನ ಹೆಂಗಸು, ಕನ್ನಡಕವನ್ನು ಸರಪಳಿಯಲ್ಲಿ ಕೊರಳಿಗೆ ಹಾಕಿಕೊಂಡಿದ್ದ ಐವತ್ತರ ಆಸುಪಾಸಿನವರು, ಅಪ್ಪನ ಗುರುತು ಹಿಡಿದು ಇಂಕ್ ಪ್ಯಾಡನ್ನು ಹತ್ತಿರಕ್ಕೆ ಎಳೆದುಕೊಂಡರು. ಅಪ್ಪ ಅದನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. "ಸೈನ್ ಕರೂಂಗಾ" ಎಂದರು.

ಕ್ಯಾಪು ಬಿಚ್ಚಿದರು, ಫಾರಂ ನೇರ ಮಾಡಿದರು, ಒಂದೇ ಉಸಿರಿಗೆ ಸಹಿ ಹಾಕಿದರು. ಎಂಥ ಸಹಿ. ನನಗೆ ಅಲ್ಲೇ ಕುಣಿಯಬೇಕೆನ್ನಿಸಿತು. ಹೆಂಗಸು ಮಾದರಿಯ ಕಾರ್ಡಿನ ಪಕ್ಕ ಹಿಡಿದು ನೋಡಿ, "ಅರೇ ವಾಹ್ ಅಂಕಲ್ ಜೀ, ಯೇ ತೋ ಚಲೇಗಾ" ಎಂದು ಸೀಲು ಎತ್ತಿದರು.

"ರುಕಿಯೇ" ಎಂದು ತಡೆದರು ಅಪ್ಪ. ಫಾರಂ ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. "ಇದು ಹಸಿರು."

ನಾನೂ ನೋಡಿದೆ. ಪಾಚಿಗಟ್ಟಿದ ಕೊಳದ ಬಣ್ಣ. ಬಂಗಲೆಯ ಆ ಹಳೆಯ ಇಂಕು ಎರಡು ದಿನ ನನ್ನ ನೀಲಿಯಲ್ಲಿ ನೆನೆದು, ಕರಗಿ, ಸರಿಯಾದ ಹೊತ್ತು ನೋಡಿ ಹೊರಗೆ ಬಂದಿತ್ತು. "ನೀಲಿಯೇ ಅಪ್ಪ, ಸ್ವಲ್ಪ ಗಾಢ ನೀಲಿ" ಎಂದೆ.

"ನಲವತ್ತು ವರ್ಷ ಫೈಲು ನೋಡಿದ್ದೀನಿ. ನನಗೆ ಬಣ್ಣ ಹೇಳಿಕೊಡಬೇಡ."

ಸರ್ಕಾರಿ ನೌಕರರ ಮನೆಗಳಲ್ಲಿ ಬೆಳೆಯದವರಿಗೆ ಇದರ ಗಾಂಭೀರ್ಯ ಅರ್ಥವಾಗಲಿಕ್ಕಿಲ್ಲ. ಅಪ್ಪನ ಕಚೇರಿಯಲ್ಲಿ ಫೈಲಿನ ಮೇಲೆ ಹಸಿರು ಇಂಕಿನಲ್ಲಿ ಬರೆಯುವ ಅಧಿಕಾರ ಜಾಯಿಂಟ್ ಸೆಕ್ರೆಟರಿ ಮತ್ತು ಅವರ ಮೇಲಿನವರಿಗೆ ಮಾತ್ರ. ಕೆಳಗಿನವರೆಲ್ಲ ನೀಲಿ ಅಥವಾ ಕಪ್ಪು. ಒಮ್ಮೆ ಹೊಸದಾಗಿ ಸೇರಿದ ಹುಡುಗನೊಬ್ಬ ಯಾರದೋ ಪೆನ್ನು ಇಸಿದುಕೊಂಡು ಹಸಿರಿನಲ್ಲಿ ಇನಿಷಿಯಲ್ ಹಾಕಿದ್ದಕ್ಕೆ, ಇಡೀ ಸೆಕ್ಷನ್ ಅವನು ಬಂದಾಗಲೆಲ್ಲ ಎದ್ದು ನಿಂತು ಸಲಾಮು ಹೊಡೆದು ತಿಂಗಳುಗಟ್ಟಲೆ ಗೋಳು ಹೊಯ್ದುಕೊಂಡಿತ್ತು. ಈ ನಿಯಮ ಬ್ಯಾಂಕಿನ ಫಾರಂಗೆ ಅನ್ವಯಿಸುವುದಿಲ್ಲ, ನಿವೃತ್ತರಾದ ಮನುಷ್ಯನಿಗಂತೂ ಇಲ್ಲವೇ ಇಲ್ಲ. ಹೆಂಗಸೂ ಅದನ್ನೇ ಹೇಳಿದರು. ನಾನೂ ಹೇಳಿದೆ.

"ಅವರು ಒಪ್ಪಿದ್ದಾರಲ್ಲ ಅಪ್ಪ."

"ಅವರು ಒಪ್ಪಬಹುದು. ನನ್ನ ಸಹಿ ಅಲ್ವಾ, ನಾನು ಒಪ್ಪಬೇಕು." ಅಷ್ಟು ಹೇಳಿ, ಕೌಂಟರಿಗೆ ದಾರದಲ್ಲಿ ಕಟ್ಟಿದ್ದ ಬಾಲ್ ಪೆನ್ನಿನಿಂದ ಆ ಚೆಂದದ ಸಹಿಯ ಮೇಲೆ ಅಡ್ಡ ಗೆರೆ ಎಳೆದು, 'ರದ್ದು' ಎಂದು ಬರೆದು, ಇನ್ನೊಂದು ಫಾರಂ ಕೇಳಿದರು.

ನನಗೆ ಬಂದ ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು. ಇನ್ನೊಮ್ಮೆ ಹಾಗೆ ಬರುತ್ತದೆಂದು ಏನು ಗ್ಯಾರಂಟಿ? ಕೈ ದಣಿದರೆ? ಎರಡು ಗಂಟೆಗೆ ಕೌಂಟರು ಮುಚ್ಚುತ್ತದೆ, ಆಗಲೇ ಹನ್ನೆರಡೂವರೆ. ಇಷ್ಟಕ್ಕೂ ತಪ್ಪು ನನ್ನದು, ಮೂರು ದಿನ ನೆನೆಸು ಎಂದದ್ದನ್ನು ಎರಡು ನಿಮಿಷ ಮಾಡಿದ್ದು ನಾನು. ಹಾಗಾಗಿ ಬಾಯಿ ಮುಚ್ಚಿಕೊಂಡು, ಅಪ್ಪ ಹೇಳಿದಂತೆ ಎದುರಿನ ಮಾರ್ಕೆಟ್ಟಿಗೆ ಓಡಿ ಹೊಸ ನೀಲಿ ಇಂಕಿನ ಬಾಟಲಿ ತಂದೆ.

ವಾಪಸು ಬರುವಷ್ಟರಲ್ಲಿ ಅಪ್ಪ ಕೌಂಟರಿನ ಪಕ್ಕದ ಮೇಜನ್ನು ಆಕ್ರಮಿಸಿಕೊಂಡಿದ್ದರು. ವಾಟರ್ ಕೂಲರಿನ ಲೋಟದಲ್ಲಿ ನೀರು. ಪೆನ್ನಿನ ಹಿಂಬದಿಯ ಗುಂಡಿ ತಿರುಗಿಸಿ ನೀರು ಎಳೆಯುವುದು, ಬಾಯಿ ಮುಕ್ಕಳಿಸುವಂತೆ ಉಗಿಸುವುದು. ಹಸಿರು, ಹಸಿರು, ಮತ್ತೆ ಹಸಿರು. ಐದು ಸಲ ತೊಳೆದು ನೀಲಿ ತುಂಬಿ, ಒಂದು ಡಿಪಾಸಿಟ್ ಸ್ಲಿಪ್ಪಿನ ಹಿಂದೆ ಸಹಿ ಹಾಕಿ ಬಣ್ಣ ನೋಡುವುದು. ಇನ್ನೂ ಹಸಿರು. ಮತ್ತೆ ತೊಳೆಯುವುದು. ಲೋಟ ಹೊತ್ತು ಶೌಚಾಲಯಕ್ಕೂ ಕೂಲರಿಗೂ ಓಡಾಡುವ ಕೆಲಸ ನನ್ನದು.

ಸರದಿಯಲ್ಲಿದ್ದ ನಿವೃತ್ತರಿಗೆ ಇದಕ್ಕಿಂತ ಒಳ್ಳೆಯ ಮನರಂಜನೆ ಬೇಕೇ. ಒಬ್ಬೊಬ್ಬರಾಗಿ ಸುತ್ತ ನೆರೆದರು. ಪಗಡಿ ಕಟ್ಟಿದ್ದ ಒಬ್ಬರು ಸ್ಲಿಪ್ಪನ್ನು ಮೂಗಿನ ಹತ್ತಿರ ಹಿಡಿದು ಇದು ನೀಲಿ ಎಂದರು. ಮಂಕಿ ಕ್ಯಾಪಿನವರು, ಇಲ್ಲ, ಹಸಿರೇ, ಇವರು ಹೇಳುವುದು ಸರಿ, ನಾನು ಅಂಡರ್ ಸೆಕ್ರೆಟರಿಯಾಗಿದ್ದೆ, ಒಂದು ದಿನ ಹಸಿರು ಮುಟ್ಟಿದವನಲ್ಲ ಎಂದರು. ಆಗ ಹಿಂದಿನ ಕುರ್ಚಿಯಲ್ಲಿ ಕೋಟು ಹಾಕಿಕೊಂಡು ಸುಮ್ಮನೆ ಕೂತಿದ್ದ ಒಬ್ಬ ತೆಳ್ಳನೆಯ ಹಿರಿಯರು ಕೆಮ್ಮಿ, "ನಾನು ಜಾಯಿಂಟ್ ಸೆಕ್ರೆಟರಿಯಾಗಿ ರಿಟೈರ್ ಆದವನು. ನಾನು ಇವರಿಗೆ ಅನುಮತಿ ಕೊಡುತ್ತೇನೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಅಪ್ಪ ಅಭ್ಯಾಸಬಲದಿಂದ ಎದ್ದು ನಿಂತರು. "ಥ್ಯಾಂಕ್ಯೂ ಸರ್. ಆದರೆ ಬಾಯಿಮಾತಿನ ಅನುಮತಿ ನಡೆಯೋದಿಲ್ಲ ಸರ್, ಲಿಖಿತವಾಗಿ ಬರಬೇಕು."

ಇಡೀ ಬ್ಯಾಂಕೇ ನಕ್ಕಿತು. ಜಾಯಿಂಟ್ ಸೆಕ್ರೆಟರಿ ಸಾಹೇಬರು ಎಲ್ಲರಿಗಿಂತ ಹೆಚ್ಚು ನಕ್ಕರು, ಕೌಂಟರಿನ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಪ್ಪ ಮಾತ್ರ ನಗದೆ ಕೂತು ಮುಂದಿನ ಸ್ಲಿಪ್ಪು ಎಳೆದುಕೊಂಡರು.

ಎರಡು ಗಂಟೆಗೆ ಹತ್ತು ನಿಮಿಷವಿದ್ದಾಗ ನೀಲಿ ಬಂತು. ಮಂಕಿ ಕ್ಯಾಪಿನವರು ಒಪ್ಪಿದರು, ಅಪ್ಪ ಒಪ್ಪಿದರು. ಹೊಸ ಫಾರಂ ಮುಂದಿಟ್ಟುಕೊಂಡರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅದು ದಣಿದಿತ್ತು, ಪೆನ್ನು ಕಾಗದ ಮುಟ್ಟುವ ಮೊದಲೇ ಅಡ್ಡಡ್ಡ ಅಲುಗುತ್ತಿತ್ತು. ಅವರು ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡರು, ಆಮೇಲೆ ಏನನ್ನಿಸಿತೋ, ಬಿಟ್ಟುಬಿಟ್ಟರು. ಹಾಗೇ ಬರೆದರು. ಕೊಂಬು ಮೇಲೇರುವಾಗ ನಡುಗಿತು, ಕೆಳಗಿನ ಉದ್ದ ಗೆರೆ ಸಣ್ಣ ಸಣ್ಣ ಅಲೆಯಾಗಿ ಬಂತು.

ಹೆಂಗಸು ಮಾದರಿಯ ಕಾರ್ಡನ್ನು ಪಕ್ಕದಲ್ಲಿಟ್ಟರು. ಬೆರಳು ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಓಡಾಡಿತು. "ಪೂರಾ ನಹೀಂ ಮಿಲ್ ರಹಾ" ಎಂದರು ಮೆಲ್ಲಗೆ. ಪೂರ್ತಿ ಹೊಂದುತ್ತಿಲ್ಲ. ಅವರ ಕೈ ಇಂಕ್ ಪ್ಯಾಡಿನ ಕಡೆಗೆ ಹೋಯಿತು. ಅಪ್ಪ ಪೆನ್ನಿನ ಕ್ಯಾಪು ತಿರುಗಿಸಿ ಮುಚ್ಚತೊಡಗಿದರು. ಹಸಿರು ಸಹಿಯನ್ನು ರದ್ದು ಮಾಡಿದ್ದಕ್ಕೆ ಅವರಿಗೆ ಪಶ್ಚಾತ್ತಾಪವಿತ್ತೋ ಇಲ್ಲವೋ ಗೊತ್ತಿಲ್ಲ, ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೆಂಗಸಿನ ಕೈ ಪ್ಯಾಡನ್ನು ದಾಟಿ ಮೇಜಿನ ಮೇಲಿದ್ದ ಸ್ಲಿಪ್ಪುಗಳ ಗುಡ್ಡೆಯನ್ನು ಎಳೆದುಕೊಂಡಿತು. ಅವರು ಅವನ್ನು ಇಸ್ಪೀಟಿನ ಎಲೆಗಳಂತೆ ಕೌಂಟರಿನ ಮೇಲೆ ಹರಡಿದರು. ಇಪ್ಪತ್ತಾದರೂ ಇದ್ದವು. ಹಸಿರಿನಿಂದ ಶುರುವಾಗಿ ನೀಲಿಯವರೆಗೆ, ಒಂದರ ಪಕ್ಕ ಒಂದು, ಎಲ್ಲವೂ ಒಂದೇ ಸಹಿ. ಒಂದೇ ಕಡೆ ನಡುಗಿ, ಒಂದೇ ಕಡೆ ಸುತ್ತಿ, ಒಂದೇ ಉದ್ದಕ್ಕೆ ಹರಿದ ಸಹಿ.

"ಒಂದು ಗಂಟೆಗೂ ಮೇಲಾಯಿತು, ನನ್ನ ಕಣ್ಣೆದುರೇ ಹಾಕುತ್ತಿದ್ದಾರೆ" ಎಂದು ಅವರು ಹಿಂದಿಯಲ್ಲಿ, ಅಪ್ಪನಿಗೋ ತಮಗೋ ಎಂಬಂತೆ ಹೇಳಿದರು. "ಇದು ಇವರದಲ್ಲದೆ ಇನ್ಯಾರದು. ಕಾರ್ಡೇ ಹಳೆಯದು." ಡ್ರಾಯರಿನಿಂದ ಒಂದು ಹೊಸ ಮಾದರಿ ಕಾರ್ಡು ತೆಗೆದು, ಫಾರಂಗೆ ಢಮ್ ಎಂದು ಸೀಲು ಒತ್ತಿದರು. "ಇದರಲ್ಲಿ ಮೂರು ಸಲ ಹಾಕಿ ಅಂಕಲ್ ಜೀ. ಆರಾಮ್ ಸೇ. ಅಬ್ ಸೇ ಯಹೀ ಆಪ್ಕಾ ಸೈನ್ ಹೈ."

ಇನ್ನು ಮುಂದೆ ಇದೇ ನಿಮ್ಮ ಸಹಿ. ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಮೂರು ಚೌಕದಲ್ಲಿ ಮೂರು ಸಹಿ ಹಾಕಿದರು, ಅವಸರವಿಲ್ಲದೆ, ಕೈಯನ್ನು ಅದರ ಪಾಡಿಗೆ ನಡುಗಲು ಬಿಟ್ಟು. ಹಿಂದೆ ನಿಂತವರ ಪೈಕಿ ಯಾರೋ ಚಪ್ಪಾಳೆ ತಟ್ಟಿದರು.

ಹಳೆಯ ಕಾರ್ಡು ಇನ್ನೂ ಅಲ್ಲೇ ಇತ್ತು. ಅಪ್ಪ ಅದನ್ನು ಹೊಸದರ ಪಕ್ಕಕ್ಕೆ ಎಳೆದುಕೊಂಡು, ಹಿಂದಿನ ಆ ನೇರವಾದ ಗೆರೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಆವತ್ತು ಆಫೀಸಿಗೆ ಹೊತ್ತಾಗಿತ್ತು, ಗಡಿಬಿಡಿಯಲ್ಲಿ ಗೀಚಿದ್ದೆ. ಇದೇ ವಾಸಿ" ಎಂದರು.

ನಾನು ಎರಡು ಕಾರ್ಡನ್ನೂ ನೋಡಿದೆ. "ಹೌದಪ್ಪ, ಇದೇ ವಾಸಿ" ಎಂದೆ. ಆ ದಿನ ನಾನು ಸಿಟ್ಟಿಲ್ಲದೆ ಆಡಿದ ಮೊದಲ ಮಾತು ಅದು, ಮತ್ತು ಅದು ನಿಜವೂ ಆಗಿತ್ತು.